ಉಪನದಿಯ ಹೆಸರು

ಪುಷ್ಪಗಿರಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಹಾರಂಗಿಯು ಕೂಡಿಗೆಯ ಬಳಿ ಕಾವೇರಿಯೊಡನೆ ಬೆರೆಯುತ್ತದೆ. ಅಲ್ಲಿಂದ ಮುಂದೆ ನೀರು ಇಬ್ಬರದು. ಹೆಸರು ಮಾತ್ರ ಕಾವೇರಿಯದು. ನದಿಗಳಿಗೆ ಇದರ ದೂರಿಲ್ಲ, ಮನುಷ್ಯರಿಗೆ ಉಂಟು. ಗಣಕಯಂತ್ರದ ಲೋಕದಲ್ಲಿ ಆ ದೂರು ಹಳೆಯದೇ.

2001ರಲ್ಲಿ ಅಮೆರಿಕದ ಕರೇಲಿಯಾ ಎಂಬ ಸಣ್ಣ ಸಂಸ್ಥೆಯು ‘ವಾಟ್ಸನ್’ ಎಂಬ ತಂತ್ರಾಂಶವನ್ನು ಹೊರತಂದಿತು. ಚಲನಚಿತ್ರಗಳ ವೇಳೆ, ಷೇರುಗಳ ದರ ಮೊದಲಾದವನ್ನು ಅದು ಅಂತರಜಾಲದಿಂದ ಹೆಕ್ಕಿ ತಂದು ಒಂದೆಡೆ ಒಪ್ಪಿಸುತ್ತಿತ್ತು. ಮರುವರ್ಷವೇ ಆಪಲ್ ಕಂಪನಿಯು ತನ್ನ ಆಪರೇಟಿಂಗ್ ಸಿಸ್ಟಂನೊಳಗೆ, ‘ಷರ್ಲಾಕ್ 3’ ಎಂಬ ಹೆಸರಿನಲ್ಲಿ, ಬಹುಮಟ್ಟಿಗೆ ಅದೇ ಸೌಕರ್ಯವನ್ನು ಒದಗಿಸಿತು. ಪುಕ್ಕಟೆ ದೊರೆಯುವುದಕ್ಕೆ ಹಣ ತೆರುವವರಾರು? ಅಂದಿನಿಂದ ‘ಷರ್ಲಾಕ್ ಆಗುವುದು’ ಎಂಬುದು ತಂತ್ರಾಂಶಕಾರರ ನಾಲಗೆಯ ಮೇಲೆ ನಿಂತ ಮಾತಾಯಿತು.

ಕನ್ನಡದಲ್ಲಿಯೂ ಇದನ್ನು ಹೋಲುವ ಸಂಗತಿಯುಂಟು. ಶೇಷಾದ್ರಿವಾಸು ಅವರ ‘ಬರಹ’ವು 1998ರಲ್ಲಿ ಬಂದಿತು, ಇಂಗ್ಲಿಷ್ ಕೀಲಿಮಣೆಯಲ್ಲಿ ಉಚ್ಚಾರಣೆಯಂತೆ ಒತ್ತಿದರೆ ಕನ್ನಡ ಮೂಡಿತು. 2019ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಅಂತಹುದೇ ಸೌಲಭ್ಯವನ್ನು ವಿಂಡೋಸ್ 10ರೊಳಗೇ ಸೇರಿಸಿತು. ಇದನ್ನು ಕಳವೆನ್ನಬಹುದೆ? ಎನ್ನಲಾಗದು. ರೋಮನ್ ಅಕ್ಷರಗಳಿಂದ ಭಾರತೀಯ ಲಿಪಿಗಳನ್ನು ಮೂಡಿಸುವ ‘ಐಟ್ರಾನ್ಸ್’ ಎಂಬ ಉಪಾಯವು ‘ಬರಹ’ಕ್ಕಿಂತಲೂ ಮುಂಚಿನದು. ಕೆ. ಪಿ. ರಾವ್ ಅವರಂತೂ ತಾವು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ನಾಡಿಗೆ ಬಿಟ್ಟುಕೊಟ್ಟರು. ಸರಕಾರವೂ ಅದನ್ನೇ ಅಂಗೀಕರಿಸಿತು.

ನ್ಯಾಯಾಲಯದ ಮಾತೂ ಹೀಗೆಯೇ. ನಾಟಕಕಾರ ಆರ್. ಜಿ. ಆನಂದರು ಚಿತ್ರ ನಿರ್ಮಾಪಕರ ಮೇಲೆ ಹೂಡಿದ ವ್ಯಾಜ್ಯದಲ್ಲಿ, ಭಾವನೆಗೆ ಕೃತಿಸ್ವಾಮ್ಯವಿಲ್ಲ, ಅದಕ್ಕೆ ಕೊಟ್ಟ ರೂಪಕ್ಕೆ ಮಾತ್ರ ಉಂಟೆಂದು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ತೀರ್ಮಾನಿಸಿತು. ವಿಚಾರಕ್ಕೆಲ್ಲ ಬೇಲಿ ಹಾಕಿದರೆ ನಾಳೆ ಬೇಲಿಯ ಹೊರಗೆ ನಿಲ್ಲುವವನು ಬಡ ತಂತ್ರಾಂಶಕಾರನೇ.

ಹಾಗಾದರೆ ಅನ್ಯಾಯವೆಲ್ಲಿ? ಸಂತೆಯ ಮಾಳದ ಒಡೆಯನು ತಾನೂ ಅಂಗಡಿ ಹೂಡಿ, ನೆರೆಯ ವ್ಯಾಪಾರಿಯ ಲೆಕ್ಕದ ಪುಸ್ತಕವನ್ನು ಗುಟ್ಟಾಗಿ ಓದಿ, ಹೆಚ್ಚು ಮಾರುವ ಸರಕನ್ನೇ ತಾನೂ ತಂದು ಬಾಗಿಲಲ್ಲಿಟ್ಟರೆ ಅದು ಸ್ಪರ್ಧೆಯಲ್ಲ. ಆಪರೇಟಿಂಗ್ ಸಿಸ್ಟಂ ಉಳ್ಳವನು ಇಂತಹ ಒಡೆಯನೇ. ಐರೋಪ್ಯ ಒಕ್ಕೂಟವು 2022ರ ಡಿಜಿಟಲ್ ಮಾರುಕಟ್ಟೆಗಳ ಕಾಯಿದೆಯಲ್ಲಿ ತಡೆದಿರುವುದು ಇದನ್ನೇ: ತನ್ನನ್ನು ಆಶ್ರಯಿಸಿದ ವ್ಯಾಪಾರಿಗಳ ಬಹಿರಂಗವಾಗದ ಅಂಕಿಅಂಶಗಳನ್ನು ದೊಡ್ಡ ಸಂಸ್ಥೆಯು ಅವರ ವಿರುದ್ಧವೇ ಬಳಸಲಾಗದು.

ವಿಚಾರವು ಹರಿಯಲಿ, ತಡೆಯುವುದು ತರವಲ್ಲ. ಆದರೆ ದಾರಿ ತೋರಿದವನ ಹೆಸರನ್ನು ಹೇಳುವುದಕ್ಕೆ ಕಾಯಿದೆ ಬೇಕಿಲ್ಲ, ಅವನ ಲೆಕ್ಕದ ಪುಸ್ತಕಕ್ಕೆ ಕಾವಲು ಬೇಕು. ಮೊದಲನೆಯದು ಸೌಜನ್ಯ, ಎರಡನೆಯದು ನ್ಯಾಯ.