ಸೂರಿಗಿಂತ ಮೊದಲು ಖಾತೆ

ವಿಧವೆಯರು, ಅಂಗವಿಕಲರಂತಹ ಅಸಹಾಯಕರಿಗೆಂದೇ ರಾಜ್ಯದಲ್ಲಿ ದೇವರಾಜ ಅರಸು ವಸತಿ ಯೋಜನೆಯಿದೆ. ಆದರೆ ಹೊಸದುರ್ಗ ತಾಲೂಕಿನ ಹಾಲುರಾಮೇಶ್ವರದ ಕಡೆಯ ಬಡ ವಿಧವೆಯೊಬ್ಬರು ಅದರ ಫಲ ಪಡೆಯಬೇಕಾದರೆ ನಿವೇಶನದ ದಾಖಲೆ ಆಕೆಯ ಹೆಸರಿನಲ್ಲಿರಬೇಕು. ಖಾತೆಯೋ ತೀರಿಹೋದ ಮಾವನ ಹೆಸರಿನಲ್ಲಿರುತ್ತದೆ. ಮೈದುನರು ಸಹಿ ಹಾಕಲೊಲ್ಲರು. ಹೇಗೋ ಮಂಜೂರಾದರೂ ಅನುದಾನದ ಮೊದಲ ಕಂತು ಬರುವುದು ತಳಪಾಯ ಮುಗಿದ ಮೇಲೆ. ಆ ತಳಪಾಯಕ್ಕೆ ಹಣ? ಬಡ್ಡಿ ವ್ಯಾಪಾರಿಯ ಬಳಿ!

2025ರ ಮೇ 20ರಂದು ಹೊಸಪೇಟೆಯಲ್ಲಿ ತಾಂಡಾ, ಹಟ್ಟಿಗಳಂತಹ ದಾಖಲೆರಹಿತ ವಸತಿಗಳ 1,11,111 ಕುಟುಂಬಗಳಿಗೆ ಸರಕಾರ ಹಕ್ಕುಪತ್ರ ವಿತರಿಸಿದ್ದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಮಾವನ ಖಾತೆಗೆ ಸಿಲುಕಿದ ಒಂಟಿ ಮಹಿಳೆಗಾಗಿ ಯಾವ ಸಮಾವೇಶವೂ ನಡೆಯುವುದಿಲ್ಲ. ಆಕೆಯೊಂದಿಗೆ ಪಂಚಾಯತ್ ಕಚೇರಿಗೆ ಅಲೆಯುವ, ಮೈದುನರನ್ನು ಕೂರಿಸಿ ಒಪ್ಪಿಸುವ, ತಳಪಾಯಕ್ಕೆ ಬಡ್ಡಿರಹಿತ ಸಾಲ ಒದಗಿಸುವ ಕೆಲಸವನ್ನು ಪೇಟೆಯ ನಮ್ಮ ಜಮಾಅತ್‌ಗಳು ಈ ವರ್ಷವೇ ಕೈಗೆತ್ತಿಕೊಳ್ಳಲಿ. ಆಕೆಯ ಜಾತಿ, ಧರ್ಮ ವಿಚಾರಿಸಬೇಕಾಗಿಲ್ಲ.