ಸಂಪಾದಕರ ರಜೆಯೂ ಪತ್ರಿಕೆಯ ಪರ್ಯಾಯವೂ

ಬರುವ ಸೋಮವಾರದಿಂದ ಹದಿನೈದು ದಿನಗಳ ಕಾಲ ನಾವು ಊರಿನಲ್ಲಿರುತ್ತೇವೆ. ಈ ಸಂಗತಿ ಕಾಚಿಗುಡದ ಮಿತ್ರರ ಕಿವಿಗೆ ಬಿದ್ದೊಡನೆಯೇ ಅವರು ಕೇಳಿದ ಮೊದಲನೆಯ ಪ್ರಶ್ನೆ, "ಹಾಗಾದರೆ ಪತ್ರಿಕೆಗೂ ರಜೆಯೋ?" ಎಂಬುದು. ಹೋಟೆಲೊಂದರ ಗಲ್ಲಾದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ನಿಲ್ಲಿಸಿಯೇ ಬಿಡಿ ಸ್ವಾಮಿ, ನೀವಿಲ್ಲದ ಪತ್ರಿಕೆ ಯಾರಿಗೆ ಬೇಕು?" ಎಂದರು. ಮಾತು ಪ್ರೀತಿಯದು. ಕೇಳಿ ನಮಗೆ ಒಳಗೊಳಗೆ ಸಂತೋಷವಾಯಿತೆಂಬುದನ್ನೂ ಮುಚ್ಚಿಡುವುದಿಲ್ಲ. ಆದರೆ ಮನೆಗೆ ಬಂದು ಆಲೋಚಿಸಲಾಗಿ, ಆ ಹೊಗಳಿಕೆಯೊಳಗೆ ಪತ್ರಿಕೆಯ ಮೇಲೆ ಒಂದು ದೊಡ್ಡ ದೂರು ಅಡಗಿರುವಂತೆ ತೋರಿತು. ಒಬ್ಬ ಮನುಷ್ಯನು ರೈಲು ಹತ್ತಿದೊಡನೆ ನಿಂತುಹೋಗುವುದಾದರೆ ಅದನ್ನು ಪತ್ರಿಕೆಯೆಂದು ಕರೆಯುವುದು ಹೇಗೆ? ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಹೊರಡುವ ಮೊದಲೇ ವಾಚಕರ ಮುಂದೆ ಇಡುವುದು ಯುಕ್ತವೆಂದು ಭಾವಿಸಿದ್ದೇವೆ.

ಪತ್ರಿಕೆ ನಿಂತರೆ ನಿಲ್ಲುವುದೇನು ಎಂಬುದನ್ನು ಮೊದಲು ನೋಡೋಣ. ಈ ನಗರದಲ್ಲಿ ನಮ್ಮ ವಾಚಕರೆಂದರೆ ಉಡುಪಿ, ಕುಂದಾಪುರಗಳ ಕಡೆಯಿಂದ ಬಂದ ಹೋಟೆಲ್ ನೌಕರರು. ಬೀದರ, ಕಲಬುರಗಿ, ರಾಯಚೂರುಗಳ ಕಡೆಯಿಂದ ಬಂದ ಗುಮಾಸ್ತರು. 1956ರ ನವೆಂಬರ್ 1ರ ತನಕ ಆ ಮೂರು ಜಿಲ್ಲೆಗಳೂ ಹೈದರಾಬಾದು ರಾಜ್ಯದಲ್ಲಿಯೇ ಇದ್ದುವು. ಗಡಿ ಬದಲಾಯಿತು, ಅನ್ನದ ದಾರಿ ಅನೇಕರಿಗೆ ಇಲ್ಲಿಯೇ ಉಳಿಯಿತು. ತೆಲುಗು, ಉರ್ದು, ಇಂಗ್ಲಿಷ್ ಪತ್ರಿಕೆಗಳು ಇಲ್ಲಿ ಮೂಲೆಮೂಲೆಯಲ್ಲಿಯೂ ಸಿಕ್ಕುತ್ತವೆ. ದೇಶದ ದೊಡ್ಡ ಸುದ್ದಿಗೆ ನಮ್ಮನ್ನೇ ಕಾಯಬೇಕಾದ ಅಗತ್ಯ ಯಾರಿಗೂ ಇಲ್ಲ. ಆದರೆ ಇಂಥ ಹೋಟೆಲಿನಲ್ಲಿ ದೋಸೆ ಹಾಕುವವರು ಬೇಕಾಗಿದ್ದಾರೆ, ಇಂಥ ಓಣಿಯಲ್ಲಿ ಇಬ್ಬರಿಗೆ ಸಾಕಾಗುವ ಕೋಣೆ ಖಾಲಿ ಇದೆ, ನಮ್ಮವರೊಬ್ಬರ ಉತ್ತರಕ್ರಿಯೆ ಇಂಥ ದಿನ ನಡೆಯುವುದು ಎಂಬ ನಾಲ್ಕು ಸಾಲುಗಳನ್ನು ಬೇರೆ ಯಾರು ಅಚ್ಚುಹಾಕುತ್ತಾರೆ? ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಕಾಫಿ ಆರಂಭವಾಗುವುದರೊಳಗೆ ಸಿಕ್ಕುವ ಅರ್ಧ ಗಂಟೆಯಲ್ಲಿ, ಅಡಿಗೆಮನೆಯ ಹಿಂಬಾಗಿಲಿನ ಮೆಟ್ಟಿಲ ಮೇಲೆ ಕುಳಿತು ಊರಿನ ಮಳೆಯ ಸುದ್ದಿಯನ್ನು ಓದುವ ಹುಡುಗನಿಗೆ, ಸಂಪಾದಕರು ಎಲ್ಲಿದ್ದಾರೆಂಬುದು ಮುಖ್ಯವಲ್ಲ. ಪತ್ರಿಕೆ ಅಲ್ಲಿ ಇರಬೇಕು, ಅಷ್ಟೆ.

ಈ ಪಾಠವನ್ನು ನಾವು ಪುಸ್ತಕದಿಂದ ಕಲಿತವರಲ್ಲ. ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ತೀರ್ಥರೂಪರು ಕಾಲವಾದ ಸುದ್ದಿ ಬಂದ ರಾತ್ರಿಯೇ ಬಾಗಿಲು ಹಾಕಿ, ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಊರಿಗೆ ಹೊರಟೆವು. ಹದಿನಾಲ್ಕು ದಿನಗಳ ಮೇಲೆ ಹಿಂತಿರುಗಿ ಬಾಗಿಲು ತೆರೆದಾಗ, ಪ್ರತಿದಿನ ಬೆಳಗ್ಗೆ ನಮ್ಮಲ್ಲಿ ಇಡ್ಲಿ ತಿಂದು ಕಛೇರಿಗೆ ಹೋಗುತ್ತಿದ್ದ ಗುಮಾಸ್ತರ ಗುಂಪು ಎದುರಿನ ಹೋಟೆಲಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬರುತ್ತಿತ್ತು. ಕೆಲವರು ಎರಡು ತಿಂಗಳಾದ ಮೇಲೆ ಮರಳಿ ಬಂದರು. ಕೆಲವರು ಬರಲೇ ಇಲ್ಲ. ಅವರನ್ನು ದೂರುವಂತಿಲ್ಲ. ಹಸಿವೆಯು ಹದಿನಾಲ್ಕು ದಿನ ಕಾಯುವ ವಸ್ತುವಲ್ಲ. ನಮ್ಮಲ್ಲಿ ಕೈ ಪಳಗಿದ ಭಟ್ಟರಿದ್ದರು. ಲೆಕ್ಕದಲ್ಲಿ ಒಂದು ರೂಪಾಯಿಯನ್ನೂ ತಪ್ಪಿಸದ ರೈಟರಿದ್ದರು. ಅವರ ಕೈಯಿಂದ ಆಗದ ಕೆಲಸ ಯಾವುದೂ ಇರಲಿಲ್ಲ. "ನಡೆಸಿರಿ" ಎಂದು ಹೇಳಿ ಬೀಗದ ಕೈ ಕೊಡುವ ಮನಸ್ಸು ಮಾತ್ರ ನಮಗೆ ಇರಲಿಲ್ಲ. ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದೆಂದು ನಂಬಿದ್ದ ಅಜ್ಜಿಯ ಕತೆಯನ್ನು ನಾವೆಲ್ಲರೂ ಚಿಕ್ಕಂದಿನಲ್ಲಿ ಕೇಳಿ ನಕ್ಕವರೇ. ಆ ಅಜ್ಜಿಯ ವಂಶ ಗಲ್ಲಾಗಳಲ್ಲಿಯೂ ಸಂಪಾದಕರ ಕುರ್ಚಿಗಳಲ್ಲಿಯೂ ಇನ್ನೂ ಸುಖವಾಗಿ ಬೆಳೆಯುತ್ತಲಿದೆ.

ಕೆಲಸ ಎಡೆಬಿಡದೆ ನಡೆಯಬೇಕು, ನಡೆಸುವವರಿಗೆ ಬಿಡುವೂ ದೊರೆಯಬೇಕು ಎಂಬ ಈ ಕಗ್ಗಂಟನ್ನು ನಮ್ಮವರು ಬಹುಕಾಲದ ಹಿಂದೆಯೇ ಬಿಡಿಸಿದ್ದಾರೆ. ಉಡುಪಿಯ ಶ್ರೀಕೃಷ್ಣನ ಪೂಜೆಗೆ ಒಂದು ದಿನದ ರಜೆಯೂ ಇಲ್ಲ. ಆದರೆ ಪೂಜೆ ಮಾಡುವ ಎಂಟು ಮಠಗಳಿಗೆ ಸರದಿಯುಂಟು. ಮೊದಲು ಎರಡೆರಡು ತಿಂಗಳಿಗೆ ಬರುತ್ತಿದ್ದ ಆ ಸರದಿಯನ್ನು ಹದಿನಾರನೆಯ ಶತಮಾನದಲ್ಲಿ ಸೋದೆ ಮಠದ ಶ್ರೀ ವಾದಿರಾಜರು ಎರಡು ವರ್ಷಗಳದನ್ನಾಗಿ ಮಾಡಿದರು. ಒಂದು ಮಠದ ಸರದಿ ಮುಗಿದರೆ ಮತ್ತೆ ಬರುವುದು ಹದಿನಾಲ್ಕು ವರ್ಷಗಳ ಅನಂತರ. ನಡುವಣ ಕಾಲವು ಸಂಚಾರಕ್ಕೆ, ಪಾಠಪ್ರವಚನಗಳಿಗೆ. ಪರ್ಯಾಯದ ದಿನ ಅಕ್ಷಯಪಾತ್ರೆ, ಸಟ್ಟುಗ, ಗರ್ಭಗುಡಿಯ ಬೀಗದ ಕೈಗಳು ಒಬ್ಬ ಯತಿಗಳ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತವೆ. ಆದರೆ ಅದರ ಸಿದ್ಧತೆ ಆ ದಿನದ್ದಲ್ಲ. ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತಗಳೆಂದು ಸುಮಾರು ಒಂದು ವರ್ಷದ ಮೊದಲಿನಿಂದಲೇ ಬಾಳೆ ನೆಟ್ಟು, ಸೌದೆ ಒಟ್ಟಿ, ಅನ್ನದಾನದ ವ್ಯವಸ್ಥೆ ಆರಂಭವಾಗುತ್ತದೆ. ಸಾವಿರಾರು ಜನರಿಗೆ ಊಟ ಬಡಿಸಬೇಕಾದವರು ಹಿಂದಿನ ರಾತ್ರಿ ಅಕ್ಕಿಗೆ ಹುಡುಕುವಂತಿಲ್ಲ. ಬಿಟ್ಟು ಹೋಗುವವರಿಗೂ ಹೊತ್ತುಕೊಳ್ಳುವವರಿಗೂ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ನಮಗೆ ತಿಳಿದಿಲ್ಲ.

ಪತ್ರಿಕೆಯ ವಿಷಯದಲ್ಲಿಯೇ ಉದಾಹರಣೆ ಬೇಕೆಂದರೆ ಗಾಂಧೀಜಿಯವರ "ಇಂಡಿಯನ್ ಒಪಿನಿಯನ್" ಇದೆ. ಅದೂ ನಮ್ಮ ಈ ಪತ್ರಿಕೆಯಂತೆ ಊರು ಬಿಟ್ಟು ಬಂದವರ ಪತ್ರಿಕೆಯೇ. ದಕ್ಷಿಣ ಆಫ್ರಿಕದ ಭಾರತೀಯ ಕೂಲಿಗಳಿಗಾಗಿ, ವ್ಯಾಪಾರಿಗಳಿಗಾಗಿ, ಗುಮಾಸ್ತರಿಗಾಗಿ 1903ರ ಜೂನ್ ತಿಂಗಳಲ್ಲಿ ಡರ್ಬನ್ ನಗರದಲ್ಲಿ ಹುಟ್ಟಿ, ಇಂಗ್ಲಿಷ್, ಗುಜರಾತಿ, ಹಿಂದಿ, ತಮಿಳು ನಾಲ್ಕು ಭಾಷೆಗಳಲ್ಲಿ ಹೊರಟಿತು. ಗಾಂಧೀಜಿ ವಕೀಲಿ ನಡೆಸುತ್ತಿದ್ದದ್ದು ದೂರದ ಜೊಹಾನ್ಸ್‌ಬರ್ಗಿನಲ್ಲಿ. ಸಂಪಾದಕರಾಗಿ ಕುಳಿತು ಭಾರ ಹೊತ್ತವರು ಮನಸುಖಲಾಲ್ ನಾಜರ್. 1906ರಲ್ಲಿ ಅವರು ತೀರಿಕೊಂಡ ಮೇಲೆ ಇತರ ಸಂಗಾತಿಗಳು ಭಾರ ಹೊತ್ತರು. 1904ರ ಕೊನೆಯಲ್ಲಿ ಮುದ್ರಣಾಲಯವನ್ನು ಫೀನಿಕ್ಸಿಗೆ ಸಾಗಿಸಿದಾಗ ಎಣ್ಣೆಯ ಯಂತ್ರದ ಜೊತೆಗೆ, ಅದು ಕೈಕೊಟ್ಟರೆ ಇರಲೆಂದು, ಕೈಯಿಂದ ತಿರುಗಿಸುವ ಚಕ್ರವೊಂದನ್ನೂ ಗಾಂಧೀಜಿ ಜೋಡಿಸಿಟ್ಟಿದ್ದರು. ಮೊದಲನೆಯ ರಾತ್ರಿಯೇ ಯಂತ್ರವು ಹಟ ಹಿಡಿದು ನಿಂತಿತು. ಆಗ ಮನೆ ಕಟ್ಟಲು ಬಂದು ಅಲ್ಲಿಯೇ ಮಲಗಿದ್ದ ಬಡಗಿಗಳನ್ನು ಎಬ್ಬಿಸಿ, ನಾಲ್ಕು ನಾಲ್ಕು ಮಂದಿ ಸರದಿಯ ಮೇಲೆ ಬೆಳಗಿನ ತನಕ ಚಕ್ರ ತಿರುಗಿಸಿದರು. ಗಾಂಧೀಜಿಯೂ ಆ ಸರದಿಯಲ್ಲಿ ನಿಂತರು. ಪತ್ರಿಕೆ ಹೊತ್ತಿಗೆ ಸರಿಯಾಗಿ ಹೊರಟುಹೋಯಿತು.

ಗಾಂಧೀಜಿ ಅದಕ್ಕೆ ವಾರವಾರವೂ ಬರೆಯುತ್ತಿದ್ದರೆಂಬುದು ನಿಜ. ಆದರೆ ಅವರು 1906ರಲ್ಲಿಯೂ 1909ರಲ್ಲಿಯೂ ಲಂಡನ್ನಿಗೆ ಹೋದಾಗ ಪತ್ರಿಕೆ ನಿಲ್ಲಲಿಲ್ಲ. ಸೆರೆಮನೆಗೆ ಹೋದಾಗಲೂ ನಿಲ್ಲಲಿಲ್ಲ. 1914ರಲ್ಲಿ ಅವರು ಆ ದೇಶವನ್ನೇ ಬಿಟ್ಟು ಬಂದರು. 1920ರಿಂದ 1956ರಲ್ಲಿ ತೀರಿಕೊಳ್ಳುವ ತನಕ ಅವರ ಪುತ್ರ ಮಣಿಲಾಲರು ಸಂಪಾದಕರಾಗಿದ್ದರು. ಅವರ ತರುವಾಯ ಪತ್ನಿ ಸುಶೀಲಾಬಾಯಿಯವರು 1961ರ ತನಕ ನಡೆಸಿದರು. ಎಂದರೆ ಗಾಂಧೀಜಿ ಬಿಟ್ಟು ಬಂದ ಮೇಲೆ ಆ ಪತ್ರಿಕೆ 47 ವರ್ಷ ಬಾಳಿತು. ಅಂಥ ಮಹನೀಯರಿಲ್ಲದೆ ಒಂದು ಪತ್ರಿಕೆ ನಡೆಯಬಹುದಾದರೆ, ನಮ್ಮಂಥ ಎಸ್.ಎಸ್.ಎಲ್.ಸಿ. ಪಾಸಾದ ಸಂಪಾದಕನಿಲ್ಲದೆ ಹದಿನೈದು ದಿನ ನಡೆಯಲಾರದೆ?

ನಡೆಯಬಲ್ಲುದು, ಆದರೆ ತಾನಾಗಿಯೇ ನಡೆಯಲಾರದು. ಅದಕ್ಕೆ ಕೆಲವು ಏರ್ಪಾಡುಗಳು ಅವಶ್ಯ. ಅಡಿಗೆಮನೆಯವರಿಗೆ ಇವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಸಾರಿನ ಪುಡಿ, ಉಪ್ಪಿನಕಾಯಿಗಳನ್ನು ಮುಂಚಿತವಾಗಿ ಮಾಡಿಡಬಹುದು; ಚಟ್ನಿಯನ್ನು ಅಂದಂದೇ ರುಬ್ಬಬೇಕು. ಹಾಗೆಯೇ ಆರೋಗ್ಯದ ಲೇಖನ, ಮಕ್ಕಳ ಕತೆ, ಕಾನೂನಿನ ಪ್ರಶ್ನೋತ್ತರ ಇವುಗಳನ್ನು ಹದಿನೈದು ದಿನಕ್ಕೆ ಸಾಕಾಗುವಷ್ಟು ಬರೆಯಿಸಿ, ತಿದ್ದಿ, ದಿನಾಂಕ ಹಾಕಿ ಇಟ್ಟಿದ್ದೇವೆ. ಸುದ್ದಿಯನ್ನು ಹಾಗೆ ಇಡಲಾಗದು. ಅದಕ್ಕೆ ಮನುಷ್ಯರೇ ಬೇಕು. ಕಾಗದದವರ ಬಾಕಿ, ಮುದ್ರಣಾಲಯದ ಬಿಲ್ಲು, ಹಂಚುವ ಹುಡುಗರ ಸಂಬಳ ಇವುಗಳನ್ನು ಮುಂಗಡವಾಗಿಯೇ ಸಲ್ಲಿಸಿದ್ದೇವೆ. ಹಣಕ್ಕಾಗಿ ಸಂಪಾದಕರ ರುಜುವನ್ನು ಕಾಯುತ್ತ ಒಂದು ಸಂಚಿಕೆ ತಡವಾಗುವುದು ನಾಚಿಕೆಗೇಡು. ಎಲ್ಲಕ್ಕಿಂತ ಮುಖ್ಯವಾಗಿ, ಉಪಸಂಪಾದಕರೊಬ್ಬರಿಗೆ ಪೂರ್ಣ ಅಧಿಕಾರವನ್ನು ಎಲ್ಲರ ಎದುರಿನಲ್ಲಿ ಕೊಟ್ಟಿದ್ದೇವೆ. ಬಂದ ಲೇಖನವನ್ನು ಹಾಕುವ ಅಧಿಕಾರವಷ್ಟೇ ಸಾಲದು. ಬೇಡವೆನ್ನುವ ಅಧಿಕಾರವೂ ಬೇಕು. ಜಾಹೀರಾತು ಕೊಡುವ ದೊಡ್ಡವರೊಬ್ಬರು ತಮ್ಮ ಸುದ್ದಿಯನ್ನು ಮೊದಲ ಪುಟದಲ್ಲಿಯೇ ಹಾಕಬೇಕೆಂದು ಒತ್ತಾಯಿಸಿದರೆ, "ಸಂಪಾದಕರು ಬರಲಿ" ಎಂದು ಅವರು ತಲೆ ತಗ್ಗಿಸಬೇಕಾದ ಪ್ರಸಂಗ ಬರಬಾರದು.

ಇಲ್ಲಿ ಎರಡು ಪ್ರಲೋಭನೆಗಳನ್ನು ಹೆಸರಿಸಬೇಕಾಗಿದೆ. ಒಂದನೆಯದು ಜೇಬಿನಲ್ಲಿರುವ ಮೊಬೈಲು. ಊರಿನ ಜಗಲಿಯಲ್ಲಿ ಕುಳಿತು, ರಾತ್ರಿ ಹನ್ನೊಂದು ಗಂಟೆಗೆ ಪುಟಗಳನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು, ಈ ತಲೆಬರಹ ತೆಗೆಯಿರಿ, ಆ ಚಿತ್ರ ಚಿಕ್ಕದು ಮಾಡಿರಿ ಎಂದು ಹೇಳುವುದು ಈಗ ಸುಲಭವಾಗಿದೆ. ಇದರಿಂದ ಇತ್ತ ತಾಯಿಯ ಜೊತೆ ಕುಳಿತು ಊಟ ಮಾಡಿದಂತೆಯೂ ಆಗುವುದಿಲ್ಲ. ಅತ್ತ ಅಧಿಕಾರ ಕೊಟ್ಟಂತೆಯೂ ಆಗುವುದಿಲ್ಲ. ಕೊಟ್ಟ ಬೀಗದ ಕೈಯನ್ನು ಪ್ರತಿ ರಾತ್ರಿ ಹಿಂದಕ್ಕೆ ಕೇಳಿದಂತೆ ಅದು. ಎರಡನೆಯ ಪ್ರಲೋಭನೆ, ನಾವು ಬರೆಯದ ಬರಹಕ್ಕೆ ನಮ್ಮ ಹೆಸರನ್ನು ಹಾಕಿಸಿ, ಸಂಪಾದಕರು ಇಲ್ಲಿಯೇ ಇದ್ದಾರೆಂದು ತೋರಿಸುವುದು. ಬ್ರಿಟಿಷರ ಕಾಲದ 1867ರ ಪತ್ರಿಕಾ ಕಾಯಿದೆ ಹೋಗಿ, 2023ರ ಹೊಸ ಕಾಯಿದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಅದರಲ್ಲಿಯೂ ಸಂಪಾದಕನೆಂದರೆ ಪತ್ರಿಕೆಯಲ್ಲಿ ಏನು ಅಚ್ಚಾಗಬೇಕೆಂಬುದರ ಆಯ್ಕೆಗೆ ಹೊಣೆಗಾರನಾದವನು. ನಾವು ಊರಿಗೆ ಹೋದ ಮಾತ್ರಕ್ಕೆ ಆ ಹೊಣೆ ತಪ್ಪುವುದಿಲ್ಲ; ತಪ್ಪು ನಡೆದರೆ ಉತ್ತರ ಕೊಡತಕ್ಕವರು ನಾವೇ. ಆದರೆ ಬರೆದವರ ಹೆಸರು ಬರೆದವರಿಗೇ ಸಲ್ಲಬೇಕು. ಭಟ್ಟರು ಬೇರೆಯಾದಾಗ ಸಾಂಬಾರಿನ ರುಚಿ ಕೊಂಚ ಬದಲಾಗುವುದನ್ನು ಗಿರಾಕಿಗಳು ಕ್ಷಮಿಸುತ್ತಾರೆ. ನಿನ್ನೆಯ ಸಾಂಬಾರನ್ನು ಇಂದಿನದೆಂದು ಬಡಿಸಿದರೆ ಕ್ಷಮಿಸುವುದಿಲ್ಲ.

ಇಷ್ಟನ್ನು ಹೇಳಿ ಲೇಖನಿಯನ್ನು ಕೆಳಗಿಟ್ಟರೆ ಅರ್ಧ ಸತ್ಯವನ್ನು ಮಾತ್ರ ಹೇಳಿದಂತಾಗುತ್ತದೆ. ಏಕೆಂದರೆ ಈ ಪತ್ರಿಕೆಯನ್ನು ಓದುವವರಲ್ಲಿ ಬಹುಮಂದಿ ರಜೆ ಕೊಡುವವರಲ್ಲ, ರಜೆ ಕೇಳುವವರು. ಹೋಟೆಲಿನ ಕಾಲದ ಇನ್ನೊಂದು ಸಂಗತಿ ನಮ್ಮ ಮನಸ್ಸಿನಿಂದ ಇಂದಿಗೂ ಹೋಗಿಲ್ಲ. ಆ ಭಟ್ಟರೇ ಒಮ್ಮೆ, ತಾಯಿಗೆ ಕಾಯಿಲೆಯೆಂದು ಎಂಟು ದಿನದ ರಜೆ ಕೇಳಿದರು. ಶ್ರಾವಣದ ದಿನಗಳು; ವ್ಯಾಪಾರ ಜೋರಾಗಿತ್ತು. "ಭಟ್ಟರೇ, ನೀವಿಲ್ಲದೆ ಅಡಿಗೆಮನೆ ನಡೆಯುವುದುಂಟೇ? ಹಬ್ಬ ಕಳೆಯಲಿ" ಎಂದೆವು. ಹೊಗಳಿದೆವೆಂದೇ ನಮ್ಮ ಭಾವನೆ. ಅವರು ಮರುಮಾತಾಡದೆ ಒಳಗೆ ಹೋದರು. ಹಬ್ಬ ಕಳೆದು ಅವರು ಊರು ಮುಟ್ಟುವ ಹೊತ್ತಿಗೆ ತಾಯಿಯ ಮುಖವನ್ನು ನೋಡುವ ಭಾಗ್ಯ ಉಳಿದಿರಲಿಲ್ಲ. ತರುವಾಯವೂ ಅವರು ನಮ್ಮಲ್ಲಿಯೇ ದುಡಿದರು. ಒಂದು ಕಟುವಾದ ಮಾತನ್ನೂ ಆಡಲಿಲ್ಲ. ಆಡಿದ್ದರೆ ನಮ್ಮ ಭಾರ ಸ್ವಲ್ಪ ಇಳಿಯುತ್ತಿತ್ತು.

"ನೀನಿಲ್ಲದೆ ನಡೆಯುವುದಿಲ್ಲ" ಎಂದು ನೌಕರನಿಗೆ ಹೇಳುವ ಧಣಿಯು, ತಾನು ಎರಡನೆಯವನೊಬ್ಬನಿಗೆ ಕೆಲಸ ಕಲಿಸಿಲ್ಲವೆಂಬುದನ್ನೇ ಒಪ್ಪಿಕೊಳ್ಳುತ್ತಿರುತ್ತಾನೆ. ಅವನ ಆಲಸ್ಯಕ್ಕೆ ದಂಡ ತೆರುವವನು ಮಾತ್ರ ನೌಕರ. ಈ ರಾಜ್ಯದಲ್ಲಿ ನಡೆಯುತ್ತಿರುವ 1988ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯು ವಾರಕ್ಕೊಂದು ದಿನದ ಬಿಡುವನ್ನೂ, ವರ್ಷದಲ್ಲಿ ಸಂಬಳಸಹಿತವಾದ ರಜೆಯನ್ನೂ ಹಕ್ಕಾಗಿ ಕೊಟ್ಟಿದೆ. ಅದು ಧಣಿಗಳ ಕೃಪೆಯ ಮಾತಲ್ಲ. ಆದರೆ ಕಾಯಿದೆಯ ಪುಸ್ತಕದಿಂದ ರಜೆಯು ಎದ್ದು ಬರಬೇಕಾದರೆ ಪ್ರತಿ ಅಡಿಗೆಮನೆಯಲ್ಲಿಯೂ ಸಾಂಬಾರು ಮಾಡಬಲ್ಲವರು ಇಬ್ಬರಿರಬೇಕು. ಪ್ರತಿ ಗಲ್ಲಾದಲ್ಲಿಯೂ ಲೆಕ್ಕ ಬಲ್ಲವರು ಇಬ್ಬರಿರಬೇಕು. ನೌಕರ ಬಂಧುಗಳಿಗೂ ಒಂದು ಮಾತು: ತಮ್ಮ ಕೈಯ ಅಳತೆಯನ್ನು ಯಾರಿಗೂ ಹೇಳಿಕೊಡದೆ ಬಚ್ಚಿಟ್ಟರೆ ಕೆಲಸ ಭದ್ರವೆಂದು ಕೆಲವರು ತಿಳಿದಿರುತ್ತಾರೆ. ಹಾಗೆ ಬಚ್ಚಿಟ್ಟ ವಿದ್ಯೆಯೇ ತಾಯಿಯ ಕಾಯಿಲೆಯ ದಿನ ಕಾಲಿಗೆ ಸಂಕೋಲೆಯಾಗುತ್ತದೆ. ಪಕ್ಕದ ಹುಡುಗನಿಗೆ ಕಲಿಸಿಡಿರಿ. ಊರಿಗೆ ಹೋಗಬೇಕಾದ ದಿನ ಆ ಹುಡುಗನೇ ನಿಮ್ಮ ರಜಾ ಚೀಟಿ.

ಆದುದರಿಂದ, ಸೋಮವಾರವೂ ಪತ್ರಿಕೆ ಬರುವುದು. ಹಬ್ಬದ ರಜೆಯ ಮರುದಿನವೊಂದನ್ನು ಬಿಟ್ಟರೆ ಆ ಹದಿನೈದೂ ದಿನ ಬರುವುದು. ಅಗ್ರಲೇಖನದ ಧಾಟಿ ಬದಲಾಗಬಹುದು; ಒಂದೆರಡು ತಪ್ಪುಗಳೂ ನುಸುಳಬಹುದು, ನಾವಿದ್ದಾಗ ನುಸುಳದೆ ಉಳಿದಿದ್ದವೇ? ಕಂಡ ತಪ್ಪುಗಳನ್ನು ವಾಚಕರು ನಮಗೆ ಊರಿಗೆ ಫೋನು ಮಾಡಿ ತಿಳಿಸದೆ, ಕಛೇರಿಗೇ ಬರೆದು, ಈಗ ಕುರ್ಚಿಯಲ್ಲಿರುವವರಿಗೇ ತಿಳಿಸಬೇಕೆಂದು ಪ್ರಾರ್ಥಿಸುತ್ತೇವೆ. ನಾವು ಹಿಂತಿರುಗಿದ ಮೇಲೆ ಅವರ ಪರ್ಯಾಯ. ಅವರು ಊರಿಗೆ ಹೋಗುವ ತಾರೀಖನ್ನು ಕಛೇರಿಯ ಗೋಡೆಯ ಕ್ಯಾಲೆಂಡರಿನಲ್ಲಿ ಈಗಾಗಲೇ ಗುರುತುಹಾಕಿದ್ದೇವೆ.