ಸ್ಟಾರ್ಗೆಲ್‌ಗೆ ಅರ್ಧ ಪ್ರಶಸ್ತಿ ಯಾಕೆ?



'ಅಂಕಿ ಸುಳ್ಳು ಹೇಳಲ್ಲ ಅಣ್ಣ, ಮೆರಿಟ್ ಅಂದ್ರೆ ಮೆರಿಟ್ಟೇ' ಅಂತ ಮೊನ್ನೆ ನಮ್ಮ ಹುಡುಗನೊಬ್ಬ ವಾದಕ್ಕೆ ಕೂತ. ಅವನಿಗೆ ಅಮೆರಿಕದ ಬೇಸ್‌ಬಾಲ್ ಕಥೆ ಹೇಳಿದೆ. ಇಲ್ಲೂ ಬರೀತೀನಿ.

1979. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ವಿಲ್ಲಿ ಸ್ಟಾರ್ಗೆಲ್‌ಗೆ ಆಗ 39 ವರ್ಷ. ಸವೆದ ಮಂಡಿ ಇಟ್ಕೊಂಡು 126 ಪಂದ್ಯ ಆಡಿ 32 ಹೋಮ್ ರನ್ ಹೊಡೆದರು. ನ್ಯಾಷನಲ್ ಲೀಗಿನ 'ಅತ್ಯಂತ ಮೌಲ್ಯಯುತ ಆಟಗಾರ' ಪ್ರಶಸ್ತಿಗೆ ಪತ್ರಕರ್ತರು ಮತ ಹಾಕಿದಾಗ ಅವರಿಗೂ ಸೇಂಟ್ ಲೂಯಿಸ್‌ನ ಕೀತ್ ಹೆರ್ನಾಂಡೆಜ್‌ಗೂ ತಲಾ 216 ಅಂಕ. ಪ್ರಶಸ್ತಿ ಹಂಚಿದರು. ನನ್ನ ಪ್ರಕಾರ ಅದು ಪೂರ್ತಿ ಸ್ಟಾರ್ಗೆಲ್ ಅವರದ್ದೇ.

ಹೆರ್ನಾಂಡೆಜ್ ಕಮ್ಮಿಯೇನಲ್ಲ. ಬ್ಯಾಟಿಂಗ್ ಸರಾಸರಿ .344, ಲೀಗಿಗೇ ಮೊದಲು. ಬರೀ ಅಂಕಿ ನೋಡಿದ್ರೆ ಅವರೇ ಮುಂದೆ, ಒಪ್ತೀನಿ. ಆದ್ರೆ ಮತದಾರರಿಗೆ ಕೊಡೋ ಸೂಚನೆಯಲ್ಲೇ ಏನಿದೆ ಗೊತ್ತಾ? ತಂಡಕ್ಕೆ ಆಟಗಾರನಿಂದ ನಿಜವಾಗಿ ಆದ ಉಪಯೋಗ ನೋಡಿ, ಎಷ್ಟು ಪಂದ್ಯ ಆಡಿದ ನೋಡಿ, ಜೊತೆಗೆ ಅವನ ನಡತೆ, ನಿಷ್ಠೆ, ಶ್ರಮವನ್ನೂ ನೋಡಿ ಅಂತ. ಪಂದ್ಯದ ಲೆಕ್ಕದಲ್ಲಿ ಸ್ಟಾರ್ಗೆಲ್ ಹಿಂದೆ. ಉಳಿದದ್ದರಲ್ಲಿ?

ಎಳೆಯ ವಯಸ್ಸಲ್ಲಿ ಟೆಕ್ಸಾಸ್‌ನ ಪ್ಲೇನ್‌ವ್ಯೂನಲ್ಲಿ, ಇವತ್ತು ಆಡಿದ್ರೆ ಕೊಲ್ತೀನಿ ಅಂತ ಒಬ್ಬ ತಲೆಗೆ ಬಂದೂಕು ಹಿಡಿದಿದ್ದ. ಅವರು ಆಡಿದರು. 1971ರ ಸೆಪ್ಟೆಂಬರ್ 1ರಂದು ಪೈರೇಟ್ಸ್ ಮೇಜರ್ ಲೀಗಿನಲ್ಲಿ ಮೊದಲ ಸಲ ಒಂಬತ್ತೂ ಜನ ಕಪ್ಪು ಮತ್ತು ಲ್ಯಾಟಿನೊ ಆಟಗಾರರನ್ನೇ ಇಳಿಸಿದಾಗ ಅದರಲ್ಲೂ ಇದ್ದರು. 1979ರಲ್ಲಿ ಎಲ್ಲರಿಗೂ 'ಪಾಪ್ಸ್', ಅಂದ್ರೆ ಅಪ್ಪ. ಚೆನ್ನಾಗಿ ಆಡಿದ ಹುಡುಗರ ಟೋಪಿಗೆ ಹಚ್ಚೋಕೆ ಬಟ್ಟೆಯ ನಕ್ಷತ್ರ ಕೊಡ್ತಿದ್ದರು. ದೊಡ್ಡ ದೊಡ್ಡ ಆಟಗಾರರು ಆ ಚೂರು ಬಟ್ಟೆಗೆ ಕಾಯ್ತಿದ್ದರು! ಆ ತಂಡ 98 ಪಂದ್ಯ ಗೆದ್ದಿತು. ಹೆರ್ನಾಂಡೆಜ್ ತಂಡ ಅದೇ ವಿಭಾಗದಲ್ಲಿ ಮೂರನೇದು.

ಬಣ್ಣ ನೋಡಿ ಮತ ಹಾಕಿದರು ಅಂತ ನಾನು ಹೇಳ್ತಿಲ್ಲ; ಹಿಂದಿನ ವರ್ಷ ಅದೇ ತಂಡದ ಕಪ್ಪು ಆಟಗಾರ ಡೇವ್ ಪಾರ್ಕರ್‌ಗೇ ಪ್ರಶಸ್ತಿ ಬಂದಿತ್ತು. ನನ್ನ ತಕರಾರು ಅಳತೆಗೋಲಿನ ಮೇಲೆ. ಧಾರವಾಡದಲ್ಲಿ ಹುಟ್ಟಿದ ನಮ್ಮ ಪಾಲ್ವಂಕರ್ ಬಾಲೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರೂ ಹಿಂದೂ ತಂಡದ ನಾಯಕತ್ವ ಸಿಗಲಿಲ್ಲ. ಅಲ್ಲಿ ಅಂಕಿ ಇತ್ತಲ್ಲಪ್ಪ, ಆಗ ಯಾಕೆ ಸಾಲಲಿಲ್ಲ?

ಮತ ಮುಗಿದ ಮೇಲೆ ವಿಶ್ವ ಸರಣಿ. ಬಾಲ್ಟಿಮೋರ್ ಎದುರು 1-3 ಹಿಂದಿದ್ದ ಪೈರೇಟ್ಸ್ ಏಳನೇ ಪಂದ್ಯದವರೆಗೂ ಎಳೆದರು. ಅವತ್ತು ತಂಡವನ್ನ ಮುಂದೆ ತಂದ ಹೋಮ್ ರನ್ ಪಾಪ್ಸ್ ಅವರದ್ದೇ. ಇದನ್ನ ಆ ಮತಕ್ಕೆ ಸೇರಿಸೋ ಹಾಗಿಲ್ಲ, ಗೊತ್ತು. ಆದ್ರೂ ಹುಡುಗನಿಗೆ ಹೇಳಿದೆ. ಅವನಿನ್ನೂ ಒಪ್ಪಿಲ್ಲ, ಭಾನುವಾರ ಮತ್ತೆ ಬರ್ತಾನಂತೆ.